ರಸದ ಖರ್ಚು ಇಳಿಸಲು ಕಟ್ಟಿದ ಗಾಣ: ಹದಿನೇಳು ವಾರಗಳ ಟಿಪ್ಪಣಿ

ನಮ್ಮದು ನಾಲ್ಕು ಜನರ ಮನೆ. ವಾರಕ್ಕೆ ಒಂಬತ್ತು ಲೀಟರ್ ಹಣ್ಣಿನ ರಸ ಖಾಲಿಯಾಗುತ್ತಿತ್ತು. ಎಲ್ಲವೂ ಅಂಗಡಿಯಿಂದ ತಂದ ಒಂದು ಲೀಟರಿನ ಡಬ್ಬಿಗಳು. ಈ ಖರ್ಚನ್ನು ಇಳಿಸಲು ಹೊರಟು ಕೊನೆಗೆ ಕಾರು ಎತ್ತುವ ಜಾಕ್ ಹಾಕಿದ ಒಂದು ಗಾಣವನ್ನೇ ಕಟ್ಟಿದೆ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ, ಕೆಟ್ಟದ್ದನ್ನೂ ಸೇರಿಸಿ.

ಬೆಲೆ ಊರಿಗೊಂದು, ತಿಂಗಳಿಗೊಂದು. ಆದ್ದರಿಂದ ಹಣದ ಲೆಕ್ಕ ಬರೆದಿಲ್ಲ. ಒಂದು ಲೀಟರ್ ರಸದ ಡಬ್ಬಿಗೆ ನಾನು ಕೊಡುತ್ತಿದ್ದ ಬೆಲೆಯೇ ಇಲ್ಲಿನ ಅಳತೆ. ಜಾಕಿಗೆ "9 ಡಬ್ಬಿ" ಎಂದು ಬರೆದಿದ್ದರೆ, ಅದರ ಬೆಲೆಯಲ್ಲಿ ಒಂಬತ್ತು ಡಬ್ಬಿ ರಸ ಬರುತ್ತಿತ್ತು ಎಂದರ್ಥ. ನೀವು ನಿಮ್ಮ ಡಬ್ಬಿಯ ಬೆಲೆಯಿಂದ ಗುಣಿಸಿಕೊಳ್ಳಬಹುದು.

ವಾರ 1: ಅಗ್ಗದ ಡಬ್ಬಿ ಮತ್ತು ಲೋಟ

ಮೊದಲು ಮಾಡಿದ್ದು ಅಗ್ಗದ ಡಬ್ಬಿ ತಂದದ್ದು. ಬೆಲೆ 0.6 ಡಬ್ಬಿ. ಮನೆಗೆ ತಂದು ಹಿಂಬದಿಯ ಸಣ್ಣ ಅಕ್ಷರ ಓದಿದಾಗ ಹಣ್ಣಿನ ಪಾಲು ಶೇ 20 ಎಂದಿತ್ತು. ಉಳಿದದ್ದು ನೀರು, ಸಕ್ಕರೆ, ಆಮ್ಲ. ಒಂದು ಲೀಟರ್ ನಿಜವಾದ ರಸ ಬೇಕೆಂದರೆ ಅಂಥ ಐದು ಡಬ್ಬಿ ಕೊಳ್ಳಬೇಕು, ಅಂದರೆ 3 ಡಬ್ಬಿಯ ಬೆಲೆ. ಮುಖಬೆಲೆ ನೋಡಿ ಕೊಂಡದ್ದು ನನ್ನ ಮೊದಲ ತಪ್ಪು. ಮುಂಭಾಗದಲ್ಲಿ ಎಷ್ಟೇ ದೊಡ್ಡ ಹಣ್ಣಿನ ಚಿತ್ರವಿರಲಿ, ಹಿಂದೆ ಶೇ 100 ರಸ ಎಂದು ಬರೆದಿರದಿದ್ದರೆ ಅದನ್ನು ರಸದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಾಂದ್ರೀಕರಿಸಿದ ರಸಕ್ಕೆ ತೆಗೆದಷ್ಟೇ ನೀರು ಮರಳಿ ಸೇರಿಸಿದ ಡಬ್ಬಿಯೂ ಶೇ 100 ರಸವೇ. ನಾವು ಮೊದಲಿನಿಂದ ತರುತ್ತಿದ್ದದ್ದು ಅದು.

ಅದೇ ವಾರ ಅಳತೆ ಪಾತ್ರೆ ಹಿಡಿದು ನಮ್ಮ ಲೋಟವನ್ನು ಅಳೆದೆ. 250 ಮಿಲಿಲೀಟರ್. ವಾರಕ್ಕೆ ಸುಮಾರು 36 ಲೋಟ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಕೊಟ್ಟ ಸಲಹೆ ನೆನಪಿತ್ತು: ಒಂದು ವರ್ಷದೊಳಗಿನ ಮಗುವಿಗೆ ರಸ ಬೇಡ, 1ರಿಂದ 3 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಸುಮಾರು 120 ಮಿಲಿ, 4ರಿಂದ 6ಕ್ಕೆ 120ರಿಂದ 180, ಅದಕ್ಕಿಂತ ದೊಡ್ಡವರಿಗೆ 240. ನನ್ನ ಮಗನಿಗೆ ಐದು ವರ್ಷ. ಅವನಿಗೆ ಒಂದೇ ಲೋಟದಲ್ಲಿ ಮಿತಿಗಿಂತ ಹೆಚ್ಚು ಸುರಿಯುತ್ತಿದ್ದೆವು.

ಕಪಾಟಿನ ಹಿಂದಿದ್ದ 150 ಮಿಲಿ ಹಿಡಿಸುವ ಲೋಟಗಳನ್ನು ಮುಂದಕ್ಕೆ ತಂದಿಟ್ಟೆವು. ಎರಡು ದಿನ ಮಕ್ಕಳು ಎರಡನೆಯ ಲೋಟ ಕೇಳಿದರು, ಮೂರನೆಯ ದಿನದಿಂದ ಕೇಳಲಿಲ್ಲ. ಈಗ ವಾರಕ್ಕೆ 40 ಲೋಟ, ಹತ್ತಿರ ಹತ್ತಿರ 6 ಲೀಟರ್. ಖರ್ಚಿಲ್ಲದೆ ವಾರಕ್ಕೆ 3 ಡಬ್ಬಿ ಉಳಿಯಿತು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ವಾರ 2: ಕಿತ್ತಳೆ

10 ಕಿಲೋ ಕಿತ್ತಳೆ ತಂದು ಕೈಯಿಂದ ತಿರುಗಿಸುವ ಹಿಂಡುಗದಲ್ಲಿ ರಸ ತೆಗೆದೆ. ತೂಗಿದಾಗ 4.4 ಕಿಲೋ, ಅಂದರೆ ಇಳುವರಿ ಶೇ 44. ಅಷ್ಟನ್ನೂ ಒಮ್ಮೆಗೇ ಹಿಂಡಿ ಫ್ರಿಜ್ಜಿನಲ್ಲಿಟ್ಟದ್ದು ತಪ್ಪು. ಬೆಳಿಗ್ಗೆ ಸಿಹಿಯಾಗಿದ್ದ ರಸ ಮರುದಿನ ಸಂಜೆಗೆ ಕಹಿ. ಬೀಜವಿಲ್ಲದ, ತುದಿಯಲ್ಲಿ ಹೊಕ್ಕುಳಿನಂಥ ಗುರುತಿರುವ ಜಾತಿ ಅದು. ಅದರ ರಸವನ್ನು ಹಿಂಡಿ ಇಟ್ಟರೆ ಲಿಮೊನಿನ್ ಎಂಬ ಕಹಿ ಪದಾರ್ಥ ನಿಧಾನವಾಗಿ ಹುಟ್ಟಿಕೊಳ್ಳುತ್ತದೆ. ಆ ಜಾತಿಯನ್ನು ಹಿಂಡಿದ ಕೂಡಲೇ ಕುಡಿಯಬೇಕು. ಎರಡು ಲೀಟರ್ ಚೆಲ್ಲಿದೆ.

ಕೊಂಡು ಇಡಬಹುದಾದ, ಸುಗ್ಗಿಯಲ್ಲಿ ಬೆಲೆ ನೆಲಕ್ಕಿಳಿಯುವ ಹಣ್ಣು ಬೇಕಿತ್ತು. ಸೇಬನ್ನು ಆರಿಸಿಕೊಂಡೆ. ಸೇಬನ್ನು ಕಿತ್ತಳೆಯ ಹಾಗೆ ಹಿಂಡಲಾಗುವುದಿಲ್ಲ, ಒತ್ತಬೇಕು. ಗಾಣದ ಯೋಚನೆ ಬಂದದ್ದು ಹೀಗೆ.

ವಾರ 3 ಮತ್ತು 4: ಚೌಕಟ್ಟು

ವಿನ್ಯಾಸ ಸರಳ. ಕೆಳಗೊಂದು ತೊಲೆ, ಮೇಲೊಂದು ತೊಲೆ, ಎರಡನ್ನೂ ಬಿಗಿಯುವ ನಾಲ್ಕು ಕಬ್ಬಿಣದ ಸರಳು. ನಡುವೆ ತೂತಿನ ಪಾತ್ರೆ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ತಿರುಳು, ತಿರುಳಿನ ಮೇಲೆ ಮರದ ಬಿಲ್ಲೆ, ಬಿಲ್ಲೆಯ ಮೇಲೆ ಜಾಕ್. ಜಾಕಿನ ಕೈ ಒತ್ತಿದಂತೆ ಅದರ ಕಂಬ ಮೇಲಿನ ತೊಲೆಯನ್ನು ತಳ್ಳುತ್ತದೆ, ಬುಡ ತಿರುಳನ್ನು ಅದುಮುತ್ತದೆ.

ತಂದ ಸಾಮಾನು: ಕಾರು ಎತ್ತುವ ಎರಡು ಟನ್ನಿನ ಜಾಕ್ (9 ಡಬ್ಬಿ), 5×10 ಸೆಂಟಿಮೀಟರಿನ ಮರದ ತುಂಡುಗಳು (4), ಉದ್ದಕ್ಕೂ ಥ್ರೆಡ್ ಇರುವ 12 ಮಿಲಿಮೀಟರಿನ ನಾಲ್ಕು ಸರಳು, ನಟ್ಟು, ಅಗಲ ವಾಷರ್ (3). ಎರಡು ಸರಳುಗಳ ನಡುವಿನ ಅಂತರ 40 ಸೆಂಟಿಮೀಟರ್.

ಮೊದಲ ತಪ್ಪು ಇಲ್ಲಿಯೇ. ಜಾಕನ್ನು ಮೇಲಿನ ತೊಲೆಗೆ ತಲೆಕೆಳಗಾಗಿ ಕಟ್ಟಿದ್ದೆ, ತಿರುಳು ಮುಟ್ಟುವ ಭಾಗ ಹಗುರವಾಗಿರಲಿ ಎಂದು. ಕೈ ಒತ್ತಿದರೆ ಒತ್ತಿದಷ್ಟೂ ಸಡಿಲ. ಈ ಬಗೆಯ ಜಾಕ್ ನೆಟ್ಟಗೆ ನಿಂತಾಗ ಮಾತ್ರ ಎಣ್ಣೆ ಎಳೆಯುತ್ತದೆ, ಬುಡಮೇಲಾದರೆ ಗಾಳಿ ಎಳೆಯುತ್ತದೆ. ಅರ್ಧ ದಿನ ಹೋಯಿತು, ಜಾಕ್ ಉಳಿಯಿತು.

ಎರಡನೆಯದಕ್ಕೆ ದಂಡ ತೆತ್ತೆ. ಮೇಲಿನ ತೊಲೆಯನ್ನು ಅಗಲ ಬದಿ ಮಲಗಿಸಿ ಕೂಡಿಸಿದ್ದೆ, ಜಾಕಿನ ತಲೆ ಚೆನ್ನಾಗಿ ಕೂರುತ್ತದೆಂದು. ಮೂರನೆಯ ಒತ್ತಿಗೆ ತೊಲೆ ಬಿಲ್ಲಿನಂತೆ ಬಾಗಿತು, ಇನ್ನೂ ನಾಲ್ಕು ಒತ್ತು ಕೊಟ್ಟಾಗ ಎಳೆಯುದ್ದಕ್ಕೂ ಸೀಳಿತು. ಶಬ್ದ ಕೇಳಿ ನಾನು ಹಿಂದಕ್ಕೆ ಹಾರಿದ್ದರಿಂದ ಮುಖಕ್ಕೆ ಏನೂ ತಗಲಲಿಲ್ಲ. ಹೊಸದಾಗಿ ಮಾಡಿದಾಗ ಅದೇ ಅಳತೆಯ ಎರಡು ತುಂಡುಗಳನ್ನು ಜೋಡಿಸಿ, 10 ಸೆಂಟಿಮೀಟರಿನ ಬದಿ ನೆಟ್ಟಗೆ ನಿಲ್ಲುವಂತೆ ಇಟ್ಟೆ. ಜಾಕಿನ ತಲೆ ತಾಗುವಲ್ಲಿ 6 ಮಿಲಿಮೀಟರಿನ ಉಕ್ಕಿನ ಬಿಲ್ಲೆ ಹಾಕಿದೆ. ಅದರ ಮೇಲೆ ಪೂರ್ತಿ ಒತ್ತಿದಾಗಲೂ ಬಾಗು 3 ಮಿಲಿಮೀಟರ್ ಮೀರಿಲ್ಲ. ಜಾಕ್ ಒತ್ತುವಾಗ ತೊಲೆಯ ನೇರಕ್ಕೆ ತಲೆ ಇಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೂರನೆಯ ತಪ್ಪು ಬರೆಯಲು ಹಿಂಜರಿಕೆಯಾಗುತ್ತದೆ, ಆದರೆ ಇದೇ ಎಲ್ಲಕ್ಕಿಂತ ಮುಖ್ಯ. ತೂತಿನ ಪಾತ್ರೆಗೆಂದು ಮನೆಯಲ್ಲಿದ್ದ ಸತು ಲೇಪಿಸಿದ ತಗಡಿನ ಬಕೆಟ್ಟನ್ನೇ ಕೊರೆದಿದ್ದೆ. ಮೊದಲ ರಸ ಬಂತು, ಹೆಂಡತಿ ಒಂದು ಚಮಚ ನಾಲಿಗೆಗೆ ಇಟ್ಟು ನೋಡಿ ಲೋಟ ಕೆಳಗಿಟ್ಟಳು.

"ನಾಣ್ಯ ಬಾಯಲ್ಲಿಟ್ಟುಕೊಂಡ ಹಾಗಿದೆ. ಮಕ್ಕಳಿಗೆ ಕೊಡಬೇಡಿ."

ಹಣ್ಣಿನ ಆಮ್ಲ ಸತುವನ್ನು ಕರಗಿಸುತ್ತದೆ, ಕರಗಿದ ಸತು ಹೊಟ್ಟೆ ತೊಳಸಿ ವಾಂತಿ ಮಾಡಿಸುವ ವಿಷ. ಅಂದಿನ ಎರಡೂವರೆ ಲೀಟರ್ ರಸವನ್ನೂ ಬಕೆಟ್ಟನ್ನೂ ಬಿಸಾಡಿದೆ. ರಸ ತಾಗುವ ಜಾಗದಲ್ಲಿ ಸ್ಟೇನ್‌ಲೆಸ್ ಉಕ್ಕು, ಬಣ್ಣ ಬಳಿಯದ ಗಟ್ಟಿ ಮರ, ಗಾಜು, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಇಷ್ಟೇ ಇರಬೇಕು. ನಟ್ಟು ಬೋಲ್ಟಿನ ಮೇಲೂ ಸತುವಿನ ಲೇಪ ಇರುತ್ತದೆ. ಅವುಗಳ ಮೇಲೆ ರಸ ಹನಿದು ಪಾತ್ರೆಗೆ ಬೀಳದಂತೆ ನೋಡಿಕೊಳ್ಳಿ.

ಬದಲಿಗೆ ತಂದದ್ದು ನೇರ ಅಂಚಿನ ಸ್ಟೇನ್‌ಲೆಸ್ ಪಾತ್ರೆ, 20 ಸೆಂಟಿಮೀಟರ್ ಅಗಲ, 22 ಎತ್ತರ (7 ಡಬ್ಬಿ). ಸುತ್ತಲೂ 3 ಸೆಂಟಿಮೀಟರಿಗೊಂದು 4 ಮಿಲಿಮೀಟರ್ ತೂತು. ಡ್ರಿಲ್ ವೇಗವಾಗಿ ಓಡಿಸಿ ಮೂರು ಬಿಟ್ ಮುರಿದುಕೊಂಡೆ. ಈ ಉಕ್ಕನ್ನು ಒತ್ತದೆ ಉಜ್ಜಿದರೆ ಆ ಜಾಗ ಇನ್ನಷ್ಟು ಗಡಸಾಗುತ್ತದೆ. ನಿಧಾನ ವೇಗ, ಬಲವಾದ ಒತ್ತು, ತುದಿಗೆ ಒಂದೊಂದು ತೊಟ್ಟು ಅಡುಗೆ ಎಣ್ಣೆ ಇಟ್ಟು ಕೊರೆದಾಗ ಉಳಿದ ತೂತುಗಳು ಸಲೀಸಾಗಿ ಬಂದವು. ಒಳಗಿನ ಚೂಪನ್ನೆಲ್ಲ ಅರದಿಂದ ಉಜ್ಜಿದೆ, ಇಲ್ಲದಿದ್ದರೆ ಬಟ್ಟೆ ಹರಿಯುತ್ತದೆ.

ಮರದ ಬಿಲ್ಲೆಯನ್ನು ಮೊದಲು 19.8 ಸೆಂಟಿಮೀಟರಿಗೆ ಕೊಯ್ದಿದ್ದೆ, ಒಣಗಿದ್ದಾಗ ಸರಿಯಾಗಿ ಕೂತಿತು. ರಸ ಹೀರಿ ಉಬ್ಬಿ ಪಾತ್ರೆಯೊಳಗೆ ಸಿಕ್ಕಿಕೊಂಡಿತು, ತೆಗೆಯಲು ಒಂದು ರಾತ್ರಿ ಒಣಗಿಸಬೇಕಾಯಿತು. 18.5ಕ್ಕೆ ಇಳಿಸಿದ ಮೇಲೆ ತೊಂದರೆಯಿಲ್ಲ. ಜಾಕ್ ಮತ್ತು ಬಿಲ್ಲೆಯ ನಡುವೆ ಅಂಚಿರುವ ಒಂದು ಸ್ಟೀಲ್ ತಟ್ಟೆ ಇಡಲೇಬೇಕು, ಜಾಕ್ ಎಣ್ಣೆ ಜಿನುಗಿದರೆ ರಸಕ್ಕೆ ಸೇರಬಾರದು.

ಬಟ್ಟೆ: ಹಳೆಯ ಹತ್ತಿ ಬಟ್ಟೆ ಹೊಲಿಗೆಯಲ್ಲಿ ಬಿರಿಯಿತು. ದಟ್ಟ ನೇಯ್ಗೆಯದು ಕಟ್ಟಿಕೊಂಡಿತು. ನೈಲಾನ್ ಜಾಲರಿಯ ಚೀಲ (1 ಡಬ್ಬಿ) ಇವತ್ತಿಗೂ ಹಾಗೇ ಇದೆ.

ವಾರ 5: ಇಳುವರಿ

ಒಂದೇ ರಾಶಿಯ ಸೇಬು, ಪ್ರತಿ ಸಲ 5 ಕಿಲೋ. ತೊಳೆದು, ಬೀಜದ ಗೂಡು ತೆಗೆದು, ಒತ್ತಿ, ರಸವನ್ನು ತೂಗಿದೆ.

ಎರಡು ಸೆಂಟಿಮೀಟರಿನ ಹೋಳು ಮಾಡಿ ನೇರ ಗಾಣಕ್ಕೆ ಹಾಕಿದಾಗ ಬಂದದ್ದು 1.55 ಕಿಲೋ, ಶೇ 31. ಎರಡು ಟನ್ನಿನ ಜಾಕ್ ಇದ್ದ ಮೇಲೆ ಹಣ್ಣು ಪುಡಿಪುಡಿಯಾಗುತ್ತದೆಂದು ನಂಬಿದ್ದೆ. ಚರಟ ಬಿಚ್ಚಿ ನೋಡಿದರೆ ಹೋಳುಗಳು ಚಪ್ಪಟೆಯಾಗಿ ಹಾಗೇ ಇದ್ದವು, ಮುರಿದರೆ ಒಳಗೆ ಇನ್ನೂ ತೇವ. ಜಾಕ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಹಣ್ಣು ಎಷ್ಟು ಒಡೆದಿದೆ ಎನ್ನುವುದೇ ಮುಖ್ಯ ಎಂದು ಅಲ್ಲಿ ಕಂಡಿತು.

ಕೈಯಿಂದ ತುರಿದು ಹಾಕಿದಾಗ 2.6 ಕಿಲೋ, ಶೇ 52. ತುರಿಯುವುದಕ್ಕೇ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು, ಬೆರಳೂ ಕೆತ್ತಿತು. ಮಿಕ್ಸಿಯಲ್ಲಿ ನುಣ್ಣಗೆ ಅರೆದದ್ದು ಇನ್ನೂ ಕೆಟ್ಟ ಯೋಚನೆ. ಗಂಜಿಯಂಥ ತಿರುಳು ಜಾಲರಿಯನ್ನು ಮುಚ್ಚಿತು, ಆತುರದಲ್ಲಿ ಜೋರಾಗಿ ಒತ್ತಿದಾಗ ಚೀಲದ ಬಾಯಿಂದ ಚಿಮ್ಮಿ ಗೋಡೆಗೆ ಬಡಿಯಿತು. 2.2 ಕಿಲೋ, ಶೇ 44.

ನಾಲ್ಕನೆಯ ಸಲ ಹೋಳುಗಳನ್ನು ಎರಡು ರಾತ್ರಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಹೊರಗಿಟ್ಟು ಕರಗಿಸಿ ಒತ್ತಿದೆ. ಒಳಗಿನ ನೀರು ಮಂಜುಗಡ್ಡೆಯಾಗುವಾಗ ಹಣ್ಣಿನ ಕೋಶಗಳನ್ನು ಒಡೆಯುತ್ತದೆ. ಕರಗಿದ ಹೋಳನ್ನು ಎತ್ತಿದರೆ ನೆನೆದ ಸ್ಪಂಜಿನ ಹಾಗೆ ಬೆರಳ ಸಂದಿಯಲ್ಲಿ ಸೋರುತ್ತಿತ್ತು. 2.75 ಕಿಲೋ, ಶೇ 55. ಐದನೆಯ ಸಲ ಹಾಗೆ ಕರಗಿಸಿದ್ದನ್ನು ಮಿಕ್ಸಿಯಲ್ಲಿ ನಾಲ್ಕೈದು ಸಲ ಬಿಟ್ಟು ಬಿಟ್ಟು ತಿರುಗಿಸಿ, ಅಕ್ಕಿ ಕಾಳಿನ ಗಾತ್ರಕ್ಕೆ ತಂದು ಒತ್ತಿದೆ. 3.1 ಕಿಲೋ, ಶೇ 62. ಇಲ್ಲಿಗೆ ನಿಲ್ಲಿಸಿದೆ.

ಒತ್ತುವ ಕ್ರಮ: ಎರಡು ಒತ್ತು, ರಸ ಹರಿದು ನಿಲ್ಲುವವರೆಗೆ ಕಾಯುವುದು, ಮತ್ತೆರಡು ಒತ್ತು. ಒಂದು ಪಾತ್ರೆಗೆ ಇಪ್ಪತ್ತೈದು ನಿಮಿಷ. ಜಾಕಿನ ಓಟ 11 ಸೆಂಟಿಮೀಟರ್ ಮಾತ್ರ, ಆಮೇಲೆ ಇಳಿಸಿ ನಡುವೆ ಮರದ ತುಂಡು ಸೇರಿಸಬೇಕು.

ಉಳಿದ ಚರಟ 1.8 ಕಿಲೋಗೆ 600 ಮಿಲಿ ನೀರು ಬೆರೆಸಿ ಒಂದು ಗಂಟೆ ಬಿಟ್ಟು ಮತ್ತೆ ಒತ್ತಿದರೆ 700 ಗ್ರಾಂ ತೆಳು ರಸ ಬರುತ್ತದೆ. ಕಾಯಿಸಿ ಆರಿಸಿ ಅಂದೇ ಕುಡಿಯಲು ಚೆನ್ನ, ಸೀಸೆಗೆ ಸೇರಿಸುವುದಿಲ್ಲ.

ವಾರ 6: ಎಂಟು ಸೀಸೆ ಚೆಲ್ಲಿದ್ದು

ಕಾಯಿಸದ ರಸವನ್ನು ಇಡುವ ಮಾತೇ ಇಲ್ಲ. 1996ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ ಒಂದು ಮಗು ಸತ್ತಿತು. ಹಾಗಾಗಿ ಸೀಸೆಗೆ ತುಂಬಿ ಬಿಸಿನೀರಿನಲ್ಲಿ ಕಾಯಿಸುವ ಕ್ರಮ ಹಿಡಿದೆ. ಗುರಿ 75 ಡಿಗ್ರಿ ಸೆಲ್ಸಿಯಸ್, 20 ನಿಮಿಷ.

ಎಂಟು ಸೀಸೆ ತುಂಬಿದೆ. ದೊಡ್ಡ ಪಾತ್ರೆಯ ನೀರು 75 ತೋರಿಸಿತು, 20 ನಿಮಿಷ ಇಟ್ಟೆ, ಮುಚ್ಚಳ ಬಿಗಿದೆ, ಕತ್ತಲೆ ಮೂಲೆಯಲ್ಲಿಟ್ಟೆ. ನಾಲ್ಕನೆಯ ದಿನ ಮಗಳು ಓಡಿ ಬಂದಳು. "ಅಪ್ಪಾ, ಸೀಸೆ ಶಬ್ದ ಮಾಡುತ್ತಿದೆ." ಮುಚ್ಚಳಗಳು ಉಬ್ಬಿದ್ದವು, ಒಂದರ ಅಂಚಿನಿಂದ ಸಣ್ಣ ನೊರೆ ಸಿಳ್ಳೆ ಹಾಕುತ್ತಾ ಹೊರಬರುತ್ತಿತ್ತು. ಹುಳಿಯುತ್ತಿದ್ದ ರಸದ ಒತ್ತಡಕ್ಕೆ ಗಾಜು ಸಿಡಿಯಬಹುದಿತ್ತು. ದಪ್ಪ ಟವೆಲು ಮುಚ್ಚಿ ಒಂದೊಂದನ್ನೇ ಹೊರಗೆ ಒಯ್ದು, ಮುಚ್ಚಳ ನಿಧಾನ ಸಡಿಲಿಸಿ ಎಂಟನ್ನೂ ಚೆಲ್ಲಿದೆ.

ತಪ್ಪು ಹುಡುಕಿದಾಗ ಎರಡು ಸಿಕ್ಕವು. ಥರ್ಮಾಮೀಟರನ್ನು ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರಿನಲ್ಲಿ ಇಟ್ಟೆ. ಸೊನ್ನೆ ತೋರಿಸಬೇಕಾದದ್ದು 6 ತೋರಿಸಿತು. ಅಂದರೆ ನಾನು 75 ಎಂದು ಓದಿದ್ದು ನಿಜಕ್ಕೆ 69ರ ಆಸುಪಾಸು. ಎರಡನೆಯದು ಅದಕ್ಕಿಂತ ದೊಡ್ಡದು: ನಾನು ಅಳೆದದ್ದು ಹೊರಗಿನ ನೀರನ್ನು. ಹೊಸ ಥರ್ಮಾಮೀಟರ್ (2 ಡಬ್ಬಿ) ತಂದು ನಡುವಿನ ಸೀಸೆಯೊಳಗೆ ಇಳಿಸಿ ನೋಡಿದೆ. ಹೊರಗಿನ ನೀರು 75 ಮುಟ್ಟಿದಾಗ ಸೀಸೆಯ ನಡುವಿನ ರಸ ಇನ್ನೂ 58ರಲ್ಲಿತ್ತು.

ಈಗಿನ ಕ್ರಮ. ಪಾತ್ರೆಯ ತಳಕ್ಕೆ ಮಡಿಸಿದ ಬಟ್ಟೆ. ಕುತ್ತಿಗೆಯಲ್ಲಿ 3 ಸೆಂಟಿಮೀಟರ್ ಬಿಟ್ಟು ತುಂಬಿದ ಸೀಸೆಗಳನ್ನು ತಣ್ಣೀರಿನಲ್ಲೇ ನಿಲ್ಲಿಸಿ ಒಲೆ ಹಚ್ಚುವುದು, ಬಿಸಿನೀರಿಗೆ ತಣ್ಣನೆಯ ಸೀಸೆ ಇಳಿಸಿದರೆ ಬಿರಿಯುತ್ತದೆ. ಮುಚ್ಚಳ ಸಡಿಲ. ನಡುವಿನ ಸೀಸೆಯೊಳಗೆ ಥರ್ಮಾಮೀಟರ್, ಅದು 75 ತೋರಿಸಿದ ಮೇಲೆ ಗಡಿಯಾರ ನೋಡಿ 20 ನಿಮಿಷ. ಒಂದೊಂದೇ ತೆಗೆದು ಮುಚ್ಚಳ ಬಿಗಿದು, ಬಿಸಿ ರಸ ಮುಚ್ಚಳದ ಒಳಗನ್ನೂ ತೊಳೆಯುವಂತೆ ಅಡ್ಡ ಮಲಗಿಸುವುದು. ತಾನಾಗಿ ಆರಲು ಬಿಡುವುದು. ಥರ್ಮಾಮೀಟರನ್ನು ಪ್ರತಿ ತಿಂಗಳು ಮಂಜುಗಡ್ಡೆಯಲ್ಲಿ ಪರೀಕ್ಷಿಸುತ್ತೇನೆ. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಊರಿನ ಎತ್ತರ ನೋಡಿಕೊಳ್ಳಬೇಕು, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕಡಿಮೆಗೆ ನೀರು ಕುದಿಯುತ್ತದೆ.

ಈ ಕ್ರಮ ಸೇಬು, ದ್ರಾಕ್ಷಿಯಂಥ ಹುಳಿ ಹಣ್ಣಿಗೆ ಮಾತ್ರ. ಕಲ್ಲಂಗಡಿ, ಪಪಾಯ, ಬಾಳೆಯಲ್ಲಿ ಆಮ್ಲ ಕಡಿಮೆ. ಪಿಎಚ್ (ಆಮ್ಲದ ಅಳತೆ, ಆಮ್ಲ ಕಡಿಮೆಯಾದಷ್ಟೂ ಅಂಕಿ ಹೆಚ್ಚು) 4.6ಕ್ಕಿಂತ ಮೇಲಿರುವ ರಸವನ್ನು ಹೀಗೆ ಮುಚ್ಚಿಟ್ಟರೆ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟಬಹುದು. ಅವನ್ನು ತಾಜಾ ಕುಡಿಯಬೇಕು.

ವಾರ 7ರಿಂದ 14: ಸುಗ್ಗಿ

ಅಂಗಡಿಯ ಮುಂದೆ ಹೊಳೆಯುವ ಸೇಬಿನ ಬೆಲೆ ಕಿಲೋಗೆ 0.65 ಡಬ್ಬಿ ಇತ್ತು. ಆಕಾರ ಸೊಟ್ಟಗಿರುವ, ಸಿಪ್ಪೆಯಲ್ಲಿ ಕಲೆಯಿರುವ ಎರಡನೇ ದರ್ಜೆಯ ಹಣ್ಣಿಗೆ ಸುಗ್ಗಿಯಲ್ಲಿ 0.3. ಒತ್ತಿದ ಮೇಲೆ ಆಕಾರ ಯಾರಿಗೆ ಬೇಕು? ಜಜ್ಜಿದ ಜಾಗ ಕೊಯ್ದು ಹಾಕಿದರಾಯಿತು. ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಇಡಿಯಾಗಿ ಎಸೆಯುತ್ತೇನೆ. ಕೊಳೆತ ಸೇಬಿನ ಬೂಷ್ಟು ಪ್ಯಾಟುಲಿನ್ ಎಂಬ ವಿಷವನ್ನು ಬಿಡುತ್ತದೆ, ರಸವನ್ನು ಕಾಯಿಸಿದರೂ ಅದು ಹೋಗುವುದಿಲ್ಲ.

ಒಂದು ಸುತ್ತು ಎಂದರೆ 10 ಕಿಲೋ ಸೇಬು, 6.2 ಕಿಲೋ ರಸ, ಸುಮಾರು 5.9 ಲೀಟರ್. ಎಂಟು ಸೀಸೆ ತುಂಬಿ ಒಂದು ಲೋಟ ಮಿಗುತ್ತದೆ. ಆ ಲೋಟ ಒತ್ತಿದವರಿಗೆ. ವಾರಕ್ಕೆ ಎರಡು ಸುತ್ತು, ಎಂಟು ವಾರ, 16 ಸುತ್ತು, 128 ಸೀಸೆ, 92 ಲೀಟರ್. ಒಂದೂ ಉಬ್ಬಲಿಲ್ಲ. ಪ್ರತಿ ಸುತ್ತಿಗೆ ತೊಳೆಯುವುದೂ ಸೇರಿ ನಾಲ್ಕು ಗಂಟೆ ಹಿಡಿಯಿತು.

ವಾರ 17: ಲೆಕ್ಕ

ಲೀಟರಿಗೆ: ಹಣ್ಣು 0.51, ಉರುವಲು 0.05, ಹೊಸ ಮುಚ್ಚಳ 0.02. ಒಟ್ಟು 0.58 ಡಬ್ಬಿ. ಉಳಿತಾಯ 0.42.

ಅದೇ ಗಾಣ, ಅದೇ ಕೈ, ಆದರೆ 0.65ರ ಹಣ್ಣು ತಂದಿದ್ದರೆ ಲೀಟರಿಗೆ 1.17 ಡಬ್ಬಿ ಬೀಳುತ್ತಿತ್ತು. ಅಂದರೆ ಅಂಗಡಿಯ ಡಬ್ಬಿಯೇ ಅಗ್ಗ. ಮನೆಯಲ್ಲಿ ಮಾಡಿದರೆ ಅಗ್ಗವಾಗಿಯೇ ಆಗುತ್ತದೆ ಎಂದುಕೊಂಡು ಯಾರಾದರೂ ಗಾಣ ಕಟ್ಟಲು ಹೊರಟಿದ್ದರೆ ಮೊದಲು ಈ ಭಾಗಾಕಾರ ಮಾಡಿ: ಹಣ್ಣಿನ ಕಿಲೋ ಬೆಲೆಯನ್ನು ಒಂದು ಕಿಲೋಗೆ ಬರುವ ಲೀಟರಿನಿಂದ (ನನ್ನದು 0.59) ಭಾಗಿಸಿ. ಬಂದದ್ದು ಡಬ್ಬಿಯ ಬೆಲೆಗಿಂತ ಎದ್ದು ಕಾಣುವಷ್ಟು ಕಡಿಮೆಯಿಲ್ಲದಿದ್ದರೆ ಗಾಣ ಬೇಡ.

ಗಾಣದ ಸಾಮಾನು 26 ಡಬ್ಬಿ. ಸೀಳಿದ ತೊಲೆ, ಬಕೆಟ್ಟು, ಮುರಿದ ಬಿಟ್‌ಗಳಿಗೆ 5. ಚೆಲ್ಲಿದ ಎಂಟು ಸೀಸೆ ಮತ್ತು ಸತು ಬೆರೆತ ರಸ ಸುಮಾರು 5. ಒಟ್ಟು 36. ಒತ್ತಿದ 92 ಲೀಟರಿನಿಂದ ಉಳಿದದ್ದು 38.6. ಈ ವರ್ಷ ಗಾಣದಿಂದ ಕೈಗೆ ಬಂದದ್ದು ಎರಡೂವರೆ ಡಬ್ಬಿ, ಅರವತ್ತನಾಲ್ಕು ಗಂಟೆಯ ದುಡಿಮೆಗೆ. ಮುಂದಿನ ಸುಗ್ಗಿಯಿಂದ ಪೂರ್ತಿ 38 ಉಳಿಯಬೇಕು.

ಸಣ್ಣ ಲೋಟ ವಾರಕ್ಕೆ 3ರಂತೆ ವರ್ಷಕ್ಕೆ 156 ಡಬ್ಬಿ ಉಳಿಸುತ್ತದೆ.

ಹಾಗೆಂದು ಗಾಣವನ್ನು ಬಿಚ್ಚುವುದಿಲ್ಲ. ಅದರ ಮೊದಲ ಒತ್ತಿಗೆ ಪಾತ್ರೆಯ ತೂತುಗಳಿಂದ ಹೊರಡುವ ರಸ ಒಂದು ಕ್ಷಣ ಹೊಂಬಣ್ಣ, ಲೋಟಕ್ಕೆ ಬೀಳುವಷ್ಟರಲ್ಲಿ ಕಂದು. ಆ ಘಮ ಯಾವ ಡಬ್ಬಿಯಲ್ಲೂ ನನಗೆ ಸಿಕ್ಕಿಲ್ಲ. ಇನ್ನು 40 ಸೀಸೆ ಇವೆ, ವಾರಕ್ಕೆ ಎಂಟರಂತೆ ಐದು ವಾರಕ್ಕೆ ಬರುತ್ತವೆ. ಜಾಕಿನ ಕಂಬದ ಬುಡದಲ್ಲಿ ಎಣ್ಣೆಯ ತೆಳು ಪೊರೆ ಕಾಣಿಸಿಕೊಂಡಿದೆ. ಅದರ ವಾಷರ್ ಬದಲಿಸಬೇಕು, ಮೇಲಿನ ತೊಲೆಯ ಬಾಗು ಹೆಚ್ಚಿದೆಯೇ ಎಂದು ದಾರ ಹಿಡಿದು ಮತ್ತೊಮ್ಮೆ ಅಳೆಯಬೇಕು.